ನಳಿಕೆಗೂ ಮರಕ್ಕೂ ನಡುವೆ

ಪರಿಚಯದವರೊಬ್ಬರು ಕೆಂಗೇರಿಯ ಆಚೆ ಫ್ಲಾಟ್ ಕೊಂಡು ಗೃಹಪ್ರವೇಶಕ್ಕೆ ಕರೆದಿದ್ದರು. ಊಟ ಮುಗಿಸಿ ನಾನು ಮತ್ತು ನನ್ನ ಹೆಂಡತಿ ಸುಮಾ ಕೆಳಗಿಳಿದು ಬಂದಾಗ ಕಟ್ಟಡದ ಮಾಲಿ ಕಾಂಪೌಂಡಿನ ಅಂಚಿನಲ್ಲಿ ಗಿಡ ನೆಡಲು ಗುಂಡಿ ತೋಡುತ್ತಿದ್ದ. ಮಣ್ಣಿನಿಂದ ಏನನ್ನೋ ಹೆಕ್ಕಿ, "ಮೇಡಂ, ಈ ಜಾಗದಲ್ಲಿ ಎಲ್ಲಿ ಅಗೆದ್ರೂ ಇದು ಸಿಗ್ತದೆ, ಏನಿದು?" ಎಂದು ಸುಮಾಳ ಅಂಗೈಗೆ ಹಾಕಿದ. ಅವರೆಕಾಳಿನ ಗಾತ್ರದ, ಒಂದು ಪಕ್ಕ ಚಪ್ಪಟೆಯಾದ ಸೀಸದ ತುಂಡು. ಸುಮಾ ಅದನ್ನು ಬೆರಳಲ್ಲಿ ಉರುಳಿಸಿ ನೋಡಿದಳು. ಸುತ್ತಲೂ ಕಣ್ಣು ಹಾಯಿಸಿ, ಮಕ್ಕಳ ಜಾರುಬಂಡೆ ಇದ್ದ ಕಡೆ ಕೈ ತೋರಿಸಿದಳು.

"ನಮ್ಮ ದಿಬ್ಬ ಅಲ್ಲೇ ಇತ್ತು ಕಣ್ರೀ."

ನನಗೆ ಗುರುತು ಸಿಕ್ಕಿರಲಿಲ್ಲ. ಕೆರೆಯ ಕಡೆಗೆ ಇಳಿಯುವ ರಸ್ತೆಯೊಂದೇ ಹಳೆಯದು, ಉಳಿದದ್ದೆಲ್ಲ ಹೊಸದು. ಅವಳು ತುಂಡನ್ನು ಮಣ್ಣಿಗೆ ವಾಪಸು ಹಾಕಿ, ಕೈ ತೊಳೆಯಲು ನಲ್ಲಿ ಹುಡುಕಿಕೊಂಡು ಹೋದಳು. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಬಾಯಿಗೆ ತರಬಾರದು ಎಂಬುದನ್ನು ಅವಳು ಇದೇ ನೆಲದ ಮೇಲೆ ಕಲಿತದ್ದು.

2005ರ ಮಳೆಗಾಲದಲ್ಲಿ ಇಲ್ಲೊಂದು ಸಣ್ಣ ರೈಫಲ್ ಕ್ಲಬ್ ಇತ್ತು. ಕ್ಲಬ್ ಎಂದರೆ ತಗಡಿನ ಚಾವಣಿಯ ಉದ್ದನೆಯ ಶೆಡ್ಡು, ಬೀಗ ಹಾಕಿದ ಕೋಣೆಯಲ್ಲಿ ಕೆಲವು ರೈಫಲ್‌ಗಳು, ಐವತ್ತು ಮೀಟರ್ ದೂರದಲ್ಲಿ ಗುರಿಹಲಗೆಗಳು, ಅವುಗಳ ಹಿಂದೆ ಗುಂಡು ನುಂಗುವ ಕೆಮ್ಮಣ್ಣಿನ ದಿಬ್ಬ. ಅದನ್ನು ನಡೆಸುತ್ತಿದ್ದವರು ಜಯರಾಂ ಸಾರ್. ಸೈನ್ಯದಲ್ಲಿ ಗುರಿ ಹೊಡೆಯುವುದನ್ನು ಕಲಿಸಿ ನಿವೃತ್ತರಾದವರು, ಗೋವಿಂದರಾಜನಗರದಿಂದ ದಿನಾ ಮೊಪೆಡ್‌ನಲ್ಲಿ ಬರುತ್ತಿದ್ದರು. ಮಳೆಯಿರಲಿ ಬಿಸಿಲಿರಲಿ ಕೊರಳಲ್ಲೊಂದು ಸೀಟಿ.

ನಾವು ಆಗ ಬಸವೇಶ್ವರನಗರದಲ್ಲಿ ಬಾಡಿಗೆಗಿದ್ದೆವು. ಪತ್ರಿಕೆಯಲ್ಲಿ ನನ್ನದು ಸಂಜೆಯ ಪಾಳಿ. ಸುಮಾ ಮಾಗಡಿ ರಸ್ತೆಯ ರಕ್ತಪರೀಕ್ಷೆಯ ಲ್ಯಾಬ್ ಒಂದರಲ್ಲಿ ಮಧ್ಯಾಹ್ನದ ಹೊತ್ತು ಕೆಲಸ ಮಾಡುತ್ತಿದ್ದಳು. ಹೀಗಾಗಿ ಬೆಳಗುಗಳು ಇಬ್ಬರಿಗೂ ಸಿಗುತ್ತಿದ್ದವು. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಅವಳ ಗುರಿ ಚೆನ್ನಾಗಿತ್ತಂತೆ. ಮದುವೆಯಾದ ಮೇಲೆ ಬಿಟ್ಟಿದ್ದಳು. ಹಿಂದಿನ ವರ್ಷ ಯಾರೋ ಈ ಕ್ಲಬ್ಬಿನ ವಿಷಯ ಹೇಳಿದಾಗ "ಸುಮ್ನೆ ನೋಡ್ಕೊಂಡು ಬರೋಣ" ಎಂದು ಕರೆದುಕೊಂಡು ಬಂದವಳು ಮತ್ತೆ ಬಿಡಲಿಲ್ಲ. ವಾರಕ್ಕೆ ಮೂರು ನಾಲ್ಕು ಬೆಳಗು ವಿಜಯನಗರ, ನಾಯಂಡಹಳ್ಳಿ ದಾಟಿ ಮೈಸೂರು ರಸ್ತೆ ಹಿಡಿಯುತ್ತಿದ್ದೆವು. ವೃಷಭಾವತಿಯ ವಾಸನೆ ಬರುತ್ತಿದ್ದಂತೆ ಅವಳು ಹಿಂದಿನ ಸೀಟಿನಿಂದ ದುಪಟ್ಟಾದ ತುದಿಯನ್ನು ನನ್ನ ಮೂಗಿಗೂ ಹಿಡಿಯುತ್ತಿದ್ದಳು. ಸ್ಕೂಟರ್ ಓಡಿಸುವವನಿಗೆ ಅದು ಅಪಾಯ ಎಂದು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ.

ಮನೆಯಲ್ಲಿ ಮೂರನೆಯವರು ನಮ್ಮ ಅವ್ವ. ಅಪ್ಪ ತೀರಿಕೊಂಡ ಮೇಲೆ ರೋಣದ ಕಡೆಯ ಹಳ್ಳಿಯಿಂದ ಬಂದು ನಮ್ಮೊಂದಿಗೆ ಇದ್ದಳು. ಬೆಳಿಗ್ಗೆ ಲಿಂಗಪೂಜೆ, ಹಣೆಗೆ ಮೂರು ಬೆರಳಿನ ವಿಭೂತಿ, ಆಮೇಲೆ ದಿನವಿಡೀ ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವುದು. ಬೆಂಗಳೂರಿನ ನೀರು, ಬೆಂಗಳೂರಿನ ಸಾರು, ಬೆಂಗಳೂರಿನ ಹೆಂಗಸರು ಮುಸುಕಿಲ್ಲದೆ ಗಾಡಿ ಓಡಿಸುವುದು, ಒಂದೊಂದಾಗಿ ಎಲ್ಲಕ್ಕೂ ಒಗ್ಗಿಕೊಂಡಿದ್ದಳು. ಬಂದೂಕಿಗೆ ಮಾತ್ರ ಒಗ್ಗಿರಲಿಲ್ಲ.

"ನಮ್ಮೂರಾಗ ಬಂದೂಕ ಹಿಡಿದಾವ್ರು ಇಬ್ಬರs. ಒಬ್ಬಾಂವ ಹಂದಿ ಹೊಡ್ಯಾಂವ, ಇನ್ನೊಬ್ಬ ಬ್ಯಾಂಕಿನ ಬಾಗಲಾ ಕಾಯಾಂವ. ನೀ ಇದರಾಗ ಯಾವಾಕಿ?" ಎಂದು ಒಮ್ಮೆ ಸುಮಾಳನ್ನು ಕೇಳಿದಳು.

"ನಾನು ಕಾಗದ ಹೊಡೆಯೋಳು ಅತ್ತೆ," ಎಂದಳು ಸುಮಾ.

"ಕಾಗದಾ ಹೊಡ್ಯಾಕ ಗುಂಡ್ಯಾಕ? ನಿನ್ನ ಗಂಡ ದಿನಾ ಕುಂತು ಪೆನ್ನಿಲೇ ಹೊಡೀತಾನ."

ಇಂಥ ಮಾತಿಗೆ ಮೂವರೂ ನಗುತ್ತಿದ್ದೆವು. ನಗುವಿಲ್ಲದ ಮಾತೂ ಒಂದಿತ್ತು. ನಮ್ಮ ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ದೊಡ್ಡ ಡಾಕ್ಟರಿಗೆ ತೋರಿಸಿ ಎಂದು ಅವ್ವ ಹೇಳುತ್ತಲೇ ಇದ್ದಳು. ಬಂದೂಕಿನ ಏಟಿನ ಸದ್ದಿಗೆ ಹೊಟ್ಟೆ ನಡುಗುತ್ತದೆ, ಅದು ಹೆಣ್ಣಿಗೆ ಒಳ್ಳೆಯದಲ್ಲ ಎಂದು ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ಆ ಯುಗಾದಿಯ ದಿನ, ಬೇವುಬೆಲ್ಲ ಕೈಯಲ್ಲಿರುವಾಗಲೇ, ಸುಮಾ ಮಾತು ಕೊಟ್ಟಳು. ವರ್ಷದ ಕೊನೆಗೆ ಕ್ಲಬ್ಬಿನಿಂದ ರಾಜ್ಯ ಸ್ಪರ್ಧೆಗೆ ಹೋಗುವವರ ಆಯ್ಕೆ ನಡೆಯುತ್ತದೆ. ಅದೊಂದಕ್ಕೆ ಪ್ರಯತ್ನ ಮಾಡುತ್ತೇನೆ. ಆಯ್ಕೆಯಾದರೆ ಆ ಸ್ಪರ್ಧೆ ಮುಗಿಸಿ ಬಿಡುತ್ತೇನೆ, ಆಗದಿದ್ದರೆ ಅವತ್ತೇ ಬಿಡುತ್ತೇನೆ. ಆಮೇಲೆ ನೀವು ಹೇಳಿದ ಡಾಕ್ಟರು, ನೀವು ಹೇಳಿದ ದೇವರು.

"ದೇವರ ಮುಂದ ಹೇಳೀದಿ," ಎಂದಳು ಅವ್ವ.

"ಹೌದು ಅತ್ತೆ."

ಆ ಮಾತಿನ ನಂತರ ಅವ್ವ ಬಂದೂಕಿನ ಬಗ್ಗೆ ಒಂದಕ್ಷರ ಆಡಲಿಲ್ಲ. ಬೆಳಿಗ್ಗೆ ನಾವು ಹೊರಡುವ ಹೊತ್ತಿಗೆ ಎರಡು ಜೋಳದ ರೊಟ್ಟಿ, ಚಟ್ನಿಪುಡಿ ಕಟ್ಟಿಟ್ಟಿರುತ್ತಿದ್ದಳು.

ಕ್ಲಬ್ಬಿನಲ್ಲಿದ್ದ ರೈಫಲ್‌ಗಳಲ್ಲಿ ಒಳ್ಳೆಯದು ಒಂದೇ. ಹಳೆಯದು, ಜರ್ಮನಿಯದು, ವಾಲ್‌ನಟ್ ಮರದ ಹಿಡಿ. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಹಿಂದಕ್ಕೆಳೆದು, ಗುಂಡು ಇಟ್ಟು, ಮುಂದೆ ತಳ್ಳಿ ಕೂರಿಸಬೇಕು. ಜಯರಾಂ ಸಾರ್ ಅದನ್ನು ವರ್ಷಕ್ಕೊಬ್ಬರ ಅಭ್ಯಾಸಕ್ಕೆ ಕೊಡುತ್ತಿದ್ದರು. ಆ ವರ್ಷ ಸುಮಾಳಿಗೆ ಕೊಟ್ಟಿದ್ದರು. ಅದರ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು, ರಾಜರಾಜೇಶ್ವರಿನಗರದ ಕಿರಣ್, ಎಂಜಿನಿಯರಿಂಗ್ ಕೊನೆಯ ವರ್ಷದವನು. ಅದನ್ನು ಅವನು ಮುಚ್ಚಿಟ್ಟಿರಲಿಲ್ಲ. "ಅಕ್ಕಾ, ನೀವು ಒಂದಿನ ರಜೆ ಹಾಕಿ, ನಾನು ಅದನ್ನ ಮದ್ವೆ ಆಗ್ಬಿಡ್ತೀನಿ," ಎನ್ನುತ್ತಿದ್ದ.

ಆಗಸ್ಟ್ ಕಳೆಯುವ ಹೊತ್ತಿಗೆ ಸುಮಾಳ ಗುರಿ ಕೂಡಿ ಬಂದಿತ್ತು. ಚಾಪೆಯ ಮೇಲೆ ಬೋರಲು ಮಲಗಿ, ಎಡಗೈಗೆ ಪಟ್ಟಿ ಬಿಗಿದು ಅವಳು ಹೊಡೆಯುತ್ತಿದ್ದರೆ ನಾನು ಹಿಂದೆ ಬೆಂಚಿನ ಮೇಲೆ ಕೂತು ಅಂದಿನ ಪತ್ರಿಕೆಯ ತಪ್ಪುಗಳಿಗೆ ಗೆರೆ ಎಳೆಯುತ್ತಿದ್ದೆ. ಗುರಿಹಾಳೆ ತಂದು ನೋಡಿದರೆ ಐದು ಗುಂಡಿನ ತೂತುಗಳು ಒಂದರ ಮೈಮೇಲೊಂದು ಬಿದ್ದಿರುತ್ತಿದ್ದವು. ಮನೆಯಲ್ಲಿ ಬಂದೂಕಿಲ್ಲವಲ್ಲ, ಟ್ರಿಗರ್ ಬೆರಳನ್ನು ಪಳಗಿಸಲು ಅವಳು ಗುಂಡಿ ಒತ್ತುವ ಬಾಲ್‌ಪೆನ್ ಹಿಡಿದುಕೊಂಡಿರುತ್ತಿದ್ದಳು. ಟೀವಿ ನೋಡುವಾಗಲೂ ಟಿಕ್, ಟಿಕ್.

"ಹಲ್ಲಿ ಲೊಚಗುಟ್ಟಿದಂಗ ಆಗತೈತಿ, ನಿಲ್ಲಸು ತಂಗಿ," ಎನ್ನುತ್ತಿದ್ದಳು ಅವ್ವ.

ಆಯುಧಪೂಜೆಯ ದಿನ ಅವ್ವನನ್ನೂ ಕ್ಲಬ್ಬಿಗೆ ಕರೆದುಕೊಂಡು ಹೋದೆವು. ಹಬ್ಬದ ದಿನ ಒಬ್ಬಳನ್ನೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ರೈಫಲ್‌ಗಳ ಬೋಲ್ಟ್ ತೆಗೆದು ಜಮಖಾನದ ಮೇಲೆ ಸಾಲಾಗಿ ಮಲಗಿಸಿದ್ದರು. ಜಯರಾಂ ಸಾರ್ ಸೀಟಿ ಊದಿ ನಿಯಮ ಹೇಳಿದರು: ಅರಿಶಿನ ಕುಂಕುಮ ಮರಕ್ಕೆ ಮಾತ್ರ, ಕಬ್ಬಿಣಕ್ಕೆ ಹಚ್ಚಿದವರಿಗೆ ಒಂದು ತಿಂಗಳು ತುಕ್ಕು ಉಜ್ಜುವ ಶಿಕ್ಷೆ.

"ಸಾರ್, ನಿಂಬೆಹಣ್ಣು ಎಲ್ಲಿಡೋದು? ಇದಕ್ಕೆ ಟೈರೇ ಇಲ್ವಲ್ಲ," ಎಂದ ಕಿರಣ್.

"ನಿನ್ನ ತಲೆ ಕೆಳಗೆ ಇಡು. ಅದೂ ದಿನಾ ಉರುಳ್ತಾ ಇರುತ್ತೆ."

ಅವ್ವ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಂದು, "ನಿನ್ನದ್ಯಾವುದು?" ಎಂದು ಸುಮಾಳನ್ನು ಕೇಳಿದಳು. ಸುಮಾ ತೋರಿಸಿದಳು. ಅವ್ವ ಪಕ್ಕದಲ್ಲಿ ಕೂತು ಮರದ ಹಿಡಿಯ ಮೇಲೆ ಕೈಯಾಡಿಸಿದಳು, ಕರುವಿನ ಬೆನ್ನ ಮೇಲೆ ಆಡಿಸಿದ ಹಾಗೆ. ನಾವು ಬೂದುಗುಂಬಳ ಒಡೆಯಲು ಗೇಟಿನ ಕಡೆಗೆ ಹೋದೆವು. ಕಡ್ಲೆಪುರಿ, ಬಾಳೆಹಣ್ಣು ಹಂಚಿ ವಾಪಸು ಬಂದಾಗಲೂ ಅವಳು ಅಲ್ಲೇ ಕೂತಿದ್ದಳು. ಇಷ್ಟು ಮಾತ್ರ ನಾನು ಕಂಡದ್ದು.

ಹಬ್ಬ ಮುಗಿದ ಮೇಲೆ ಆ ವರ್ಷದ ಮಳೆ ನಿಜವಾಗಿ ಶುರುವಾಯಿತು. ತಗ್ಗಿನ ಬಡಾವಣೆಗಳಲ್ಲಿ ಮನೆಯೊಳಗೆ ನೀರು. ನಮ್ಮ ವರದಿಗಾರರು ಪ್ಯಾಂಟ್ ಮಡಚಿಕೊಂಡೇ ಕಚೇರಿಗೆ ಬರುತ್ತಿದ್ದರು. ಕೆಂಗೇರಿಯ ಮಣ್ಣು ರಸ್ತೆಯಲ್ಲಿ ಸ್ಕೂಟರನ್ನು ತಳ್ಳಿಕೊಂಡು ಹೋಗಬೇಕಿತ್ತು. ಆ ಮಳೆಯ ಜೊತೆಗೇ ಸುಮಾಳ ಗುರಿ ಕೆಟ್ಟಿತು.

ಮೊದಲೆರಡು ಗುಂಡು ನಡುವಿಗೆ ಬೀಳುತ್ತಿದ್ದವು. ಮೂರನೆಯದು ಸ್ವಲ್ಪ ಮೇಲೆ, ನಾಲ್ಕನೆಯದು ಇನ್ನೂ ಮೇಲೆ. ಮಾರನೆಯ ದಿನ ಮೊದಲ ಗುಂಡೇ ಮೇಲೆ. ಸರಿಪಡಿಸಿಕೊಂಡರೆ ಅದರ ಮರುದಿನ ಕೆಳಗೆ. ಜಯರಾಂ ಸಾರ್ ಹಿಂದೆ ಕುಕ್ಕರಗಾಲಲ್ಲಿ ಕೂತು ಅವಳ ಬೆರಳನ್ನೇ ನೋಡುತ್ತಿದ್ದರು.

"ಎಳೀತಾ ಇದೀಯಮ್ಮ. ಟ್ರಿಗರ್ ಎಳೀಬಾರ್ದು, ಒತ್ಬೇಕು. ಯಾವಾಗ ಏಟು ಬಿತ್ತು ಅಂತ ನಿಂಗೇ ಗೊತ್ತಾಗ್ಬಾರ್ದು."

"ಒತ್ತುತಾ ಇದೀನಿ ಸಾರ್."

"ಹಾಳೆ ಹಾಗೆ ಹೇಳ್ತಾ ಇಲ್ವಲ್ಲ."

ಮಳೆಗೆ ಮರ ಉಬ್ಬಿರಬಹುದೇ, ಗುಂಡಿನ ಪೊಟ್ಟಣಕ್ಕೆ ತೇವ ತಾಗಿರಬಹುದೇ ಎಂದು ಅವಳು ಕೇಳಿದಳು. ಉಳಿದ ರೈಫಲ್‌ಗಳೂ ಇದೇ ಮಳೆಯಲ್ಲಿವೆ, ಇದೇ ಗುಂಡು ಹೊಡೆಯುತ್ತಿವೆ ಎಂದರು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಮನೆಯಲ್ಲಿ ಬಾಲ್‌ಪೆನ್ನಿನ ಸದ್ದೂ ನಿಂತಿತು. ಅವ್ವನಿಗೆ ಅದೇ ಮೊದಲು ಗೊತ್ತಾದದ್ದು. "ಯಾಕವಾ, ಹಲ್ಲಿ ಎಲ್ಲಿ ಹೋತು?" ಎಂದು ಕೇಳಿದರೆ ಸುಮಾ ಅಡುಗೆಮನೆಗೆ ಎದ್ದು ಹೋದಳು. ನಾನೇ ಅವ್ವನಿಗೆ ಹೇಳಿದೆ, ಗುರಿ ಕೈಕೊಟ್ಟಿದೆ, ಯಾಕೆಂದು ತಿಳಿಯುತ್ತಿಲ್ಲ. ಅವ್ವ ಸೂಜಿಯನ್ನು ಕೌದಿಯಲ್ಲೇ ಚುಚ್ಚಿಟ್ಟಳು. "ಹಬ್ಬದ ತನಕಾ ಚೊಲೋ ಇತ್ತಲ್ಲ," ಎಂದಳು.

ಒಂದು ಬೆಳಿಗ್ಗೆ ಮೈಸೂರು ರಸ್ತೆಯಲ್ಲಿ, ದುಪಟ್ಟಾ ಬರಬೇಕಾದ ಜಾಗದಲ್ಲಿ, ಹಿಂದಿನಿಂದ ಅವಳ ಮಾತು ಬಂತು. "ಒಂದ್ವೇಳೆ ನನ್ನ ಕೈಯೇ ಹೋಗಿದ್ರೆ? ಅತ್ತೆಗೆ ಮಾತು ಕೊಟ್ಟಿದ್ದಕ್ಕೆ ಒಳಗೊಳಗೇ ಹೆದರಿಕೊಂಡು ಬೆರಳು ಎಳೀತಾ ಇದ್ರೆ?"

ನಾನು ಕೆಲಸದಲ್ಲಿ ಕಲಿತದ್ದನ್ನೇ ಹೇಳಿದೆ. "ಒಬ್ಬರ ಹೇಳಿಕೆ ಇಟ್ಕೊಂಡು ಸುದ್ದಿ ಮಾಡೋದಿಲ್ಲ ನಾವು. ನಿನ್ನ ಹೇಳಿಕೆ ಆಯ್ತು. ಬಂದೂಕನ್ನ ಯಾರು ಕೇಳಿದಾರೆ?"

ಅದನ್ನೇ ಅವಳು ಜಯರಾಂ ಸಾರ್ ಮುಂದೆ ಇಟ್ಟಳು. ಅವರಿಗೆ ಸಿಟ್ಟು ಬಂತು. ಆ ರೈಫಲ್‌ನ ಮೇಲೆ ಅವರಿಗಿದ್ದ ನಂಬಿಕೆ ದೊಡ್ಡದು. "ಆಯ್ತು, ಪರೀಕ್ಷೆ ಮಾಡೋಣ. ಅದ್ರಲ್ಲಿ ದೋಷ ಇಲ್ಲ ಅಂತಾದ್ರೆ ನಾಳೆಯಿಂದ ಕಿರಣ್‌ಗೆ ಕೊಡ್ತೀನಿ. ಒಪ್ಪಿಗೆನಾ?" ಸುಮಾ ತಲೆಯಾಡಿಸಿದಳು. ಗುರಿಹಲಗೆಗೆ ಅಂಟು ಹಚ್ಚುತ್ತಿದ್ದ ಕಿರಣ್ ಕೈ ನಿಲ್ಲಿಸಿದ.

ಮೊದಲು ಟ್ರಿಗರ್. ಬೋಲ್ಟ್ ತೆರೆದು, ಒಳಗೆ ಗುಂಡಿಲ್ಲವೆಂದು ನಮ್ಮೆಲ್ಲರಿಗೂ ತೋರಿಸಿದರು. ಹೊಡೆದಾದ ಗುಂಡಿನ ಖಾಲಿ ಕೋಶವೊಂದನ್ನು ಒಳಗಿಟ್ಟು ಬೋಲ್ಟ್ ಕೂರಿಸಿದರು. ರೈಫಲನ್ನು ನೆಟ್ಟಗೆ ನಿಲ್ಲಿಸಿ, ಕೊಕ್ಕೆಯಿದ್ದ ತೂಕದ ಕಲ್ಲೊಂದನ್ನು ಟ್ರಿಗರ್‌ಗೆ ಸಿಕ್ಕಿಸಿ ಮೆಲ್ಲಗೆ ಮೇಲೆತ್ತಿದರು. ಹಗುರದ ಕಲ್ಲು ತೂಗಾಡಿತು, ಟ್ರಿಗರ್ ಬಿಡಲಿಲ್ಲ. ಅದಕ್ಕಿಂತ ಸ್ವಲ್ಪ ಭಾರದ್ದನ್ನು ಸಿಕ್ಕಿಸಿದಾಗ, ನೆಲದಿಂದ ಪೂರ್ತಿ ಏಳುವ ಹೊತ್ತಿಗೆ ಕಟ್ ಎಂದಿತು. ಮತ್ತೆ ಮತ್ತೆ ಮಾಡಿದರು. ಪ್ರತಿ ಸಲವೂ ಅದೇ ಎತ್ತರ, ಅದೇ ಸದ್ದು. ಆಮೇಲೆ ಹಿಡಿಯ ಬುಡವನ್ನು ರಬ್ಬರ್ ಹಾಸಿನ ಮೇಲೆ ಕುಟ್ಟಿ ನೋಡಿದರು. ಏಟಿಗೆ ಟ್ರಿಗರ್ ತಾನಾಗಿ ಜಾರಲಿಲ್ಲ.

"ಟ್ರಿಗರ್ ಗಡಿಯಾರದ ಹಾಗಿದೆ," ಎಂದರು. ಸುಮಾಳ ಮುಖ ಇನ್ನಷ್ಟು ಇಳಿಯಿತು.

"ಈಗ ನೀನು. ಮಲಗು."

ಅವಳು ಮಲಗಿದಳು. ಜಯರಾಂ ಸಾರ್ ಜೇಬಿನಿಂದ ಒಂದು ನಾಣ್ಯ ತೆಗೆದು ನಳಿಕೆಯ ಮೇಲೆ, ತುದಿಯ ಹತ್ತಿರ, ಮೆಲ್ಲನೆ ಇಟ್ಟರು. "ಬೆರಳು ಎಳೆದ್ರೆ ಇದು ಬೀಳುತ್ತೆ. ಒತ್ತು."

ಕಟ್. ನಾಣ್ಯ ಕದಲಲಿಲ್ಲ. ಬೋಲ್ಟ್ ಎಳೆದು ಮತ್ತೆ ಕೂರಿಸಿಕೊಟ್ಟರು. ಕಟ್. ಕದಲಲಿಲ್ಲ. ಹೊರಗೆ ಹನಿ ಬಿದ್ದು ತಗಡು ಸದ್ದು ಮಾಡತೊಡಗಿತ್ತು. ಕಿರಣ್ ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದ. ಅವರು ಸಾಕು ಎನ್ನುವವರೆಗೂ ನಾಣ್ಯ ಅಲ್ಲಿಂದ ಬೀಳಲಿಲ್ಲ.

ಜಯರಾಂ ಸಾರ್ ನಾಣ್ಯ ಎತ್ತಿ ಜೇಬಿಗೆ ಹಾಕಿಕೊಂಡರು. ಆಮೇಲೆ ಹೇಳಿದರು, "ನಿನ್ನ ಬೆರಳಲ್ಲಿ ದೋಷ ಇಲ್ಲಮ್ಮ. ನಾನು ತಪ್ಪು ಹೇಳಿದ್ದೆ."

ಅವಳು ಎದ್ದೇಳಲಿಲ್ಲ. ಹಣೆಯನ್ನು ಕೈಪಟ್ಟಿಯ ಮೇಲಿಟ್ಟು ಹಾಗೇ ಮಲಗಿದ್ದಳು. ಭುಜ ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು. ಹತ್ತಿರ ಹೋಗಬೇಕೆನಿಸಿದರೂ ಹೋಗಲಿಲ್ಲ. ಕಿರಣ್ ಅತ್ತ ತಿರುಗಿ, ಅಂಟಿನ ಡಬ್ಬಿಯ ಮುಚ್ಚಳವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಹುಡುಕಿದ.

ಇನ್ನು ಉಳಿದದ್ದು ಗುರಿಯ ಪರೀಕ್ಷೆ. ಮೇಜಿನ ಮೇಲೆ ಮರಳು ತುಂಬಿದ ಗೋಣಿಚೀಲಗಳನ್ನು ಜೋಡಿಸಿ ರೈಫಲನ್ನು ಅವುಗಳ ನಡುವೆ ಕೂರಿಸಿದರು. ಹೀಗಿಟ್ಟರೆ ಹೊಡೆಯುವವರ ಉಸಿರು, ನಾಡಿ ಯಾವುದೂ ಬಂದೂಕಿಗೆ ತಾಗುವುದಿಲ್ಲ. ಹೊಸ ಪೊಟ್ಟಣ ಒಡೆದು ಜಯರಾಂ ಸಾರ್ ತಾವೇ ಐದು ಗುಂಡು ಹೊಡೆದರು. ಹಾಳೆ ತಂದು ನೋಡಿದರೆ ತೂತುಗಳು ಏಣಿಯ ಮೆಟ್ಟಿಲಿನ ಹಾಗೆ ಮೇಲಕ್ಕೆ ಹತ್ತಿದ್ದವು. ಕಿರಣನನ್ನು ಕೂರಿಸಿದರು. ಹೊಡೆದು ದುರ್ಬೀನಿನಲ್ಲಿ ನೋಡಿದವನೇ, "ಸಾರ್, ನನಗೂ ಹತ್ತುತಾ ಇದೆ," ಎಂದ. ಸುಮ್ಮನಿದ್ದಿದ್ದರೂ ಹಾಳೆ ಹೇಳುತ್ತಿತ್ತು, ಆದರೆ ಅವನು ಹಾಳೆ ಬರುವ ಮೊದಲೇ ಹೇಳಿದ. ಅದನ್ನು ನಾನು ಮರೆತಿಲ್ಲ.

ಮೇಲಿನ ಗುರಿಕಿಂಡಿಯ ತಿರುಪುಗಳನ್ನು ನೋಡಿದರು, ಬಿಗಿಯಾಗಿದ್ದವು. ಆಮೇಲೆ ಜಯರಾಂ ಸಾರ್ ನನ್ನ ಕಡೆಗೆ ಕೈಚಾಚಿ, "ಸ್ವಾಮಿ, ನಿಮ್ಮ ಪೇಪರ್ ಕೊಡಿ ಇಲ್ಲಿ," ಎಂದರು. ಅಂದಿನ ಪತ್ರಿಕೆಯ ಅಂಚನ್ನು ಉದ್ದಕ್ಕೆ ಹರಿದು ಪಟ್ಟಿ ಮಾಡಿದರು. ಇಂಥ ರೈಫಲ್‌ನಲ್ಲಿ ನಳಿಕೆಯು ಹಿಂದಿನ ತುದಿಯಲ್ಲಿ ಮಾತ್ರ ಮರಕ್ಕೆ ಕೂತಿರುತ್ತದೆ. ಅಲ್ಲಿಂದ ಮುಂದಕ್ಕೆ ಅದು ಯಾವುದನ್ನೂ ಮುಟ್ಟಬಾರದು, ಕೆಳಗೆ ರಟ್ಟಿನ ದಪ್ಪದಷ್ಟು ಸಂದಿರಬೇಕು. ಏಟಿಗೆ ನಳಿಕೆ ಕಂಪಿಸುತ್ತದೆ. ಆ ಕಂಪನಕ್ಕೆ ಏನಾದರೂ ಅಡ್ಡ ಬಂದರೆ ಗುಂಡು ದಾರಿ ಬಿಡುತ್ತದೆ. ಅವರು ಪಟ್ಟಿಯನ್ನು ನಳಿಕೆಯ ಕೆಳಗೆ ತೂರಿಸಿ ಎರಡೂ ತುದಿ ಹಿಡಿದು ಮುಂದಿನಿಂದ ಹಿಂದಕ್ಕೆ ಜಾರಿಸಿದರು. ಅಂಗೈಯಗಲ ಹೋಗಿ ಪಟ್ಟಿ ನಿಂತಿತು. ಇನ್ನೊಮ್ಮೆ ಎಳೆದಾಗ ಹರಿಯಿತು.

"ಏನೋ ಕೂತಿದೆ ಒಳಗೆ," ಎಂದರು.

ತಿರುಪು ಬಿಚ್ಚಿ ನಳಿಕೆಯನ್ನು ಮರದಿಂದ ಬೇರೆ ಮಾಡಿದರು. ಮರದ ಕಾಲುವೆಯಲ್ಲಿ, ಮುಂದಿನ ತುದಿಯ ಹತ್ತಿರ, ಬೆರಳುಗುರಿನಷ್ಟು ದೊಡ್ಡದೊಂದು ಬಟ್ಟೆಯ ಗಂಟು ಅಪ್ಪಚ್ಚಿಯಾಗಿ ಅಂಟಿಕೊಂಡಿತ್ತು. ಚಿಮಟದಿಂದ ಎಬ್ಬಿಸಿ ಮೇಜಿನ ಮೇಲಿಟ್ಟರು. ತೇವ ಹೀರಿ ಉಬ್ಬಿದ್ದ ಗಂಟು ಬಿಚ್ಚಿಕೊಂಡು ಬಿಳಿಯ ಪುಡಿ ಕಂಡಿತು. ಕಿರಣ್ ಮೂಸಿ ನೋಡಿ, "ವಿಭೂತಿ ಸಾರ್!" ಎಂದ.

ಬಟ್ಟೆ ಹಸಿರು ಇಳಕಲ್ಲಿನದು, ಅಂಚಿನಲ್ಲಿ ಕೆಂಪು ಎಳೆ. ಅದೇ ಬಟ್ಟೆಯ ಚೌಕಗಳಿದ್ದ ಕೌದಿಯನ್ನು ನಾವು ದಿನಾ ರಾತ್ರಿ ಹೊದೆಯುತ್ತಿದ್ದೆವು.

ಸುಮಾ ಅದನ್ನು ಅಂಗೈಯಲ್ಲಿಟ್ಟುಕೊಂಡಳು. ನಗುತ್ತಾಳೋ ಅಳುತ್ತಾಳೋ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಿದ್ದಂತಿರಲಿಲ್ಲ. "ನಮ್ಮತ್ತೆದು ಸಾರ್," ಎಂದಳು. "ಬಂದೂಕು ಅಂದ್ರೆ ಆಗಲ್ಲ ಅವರಿಗೆ." ಗಂಟನ್ನು ಬೆರಳಿಂದ ಸವರಿ, "ಆಗಲ್ಲ ಅಂದ್ಕೊಂಡಿದ್ದೆ," ಎಂದಳು.

ನಳಿಕೆ ಕೂರಿಸಿ ಮತ್ತೆ ಚೀಲದ ಮೇಲಿಟ್ಟು ಹೊಡೆದಾಗ ಐದೂ ತೂತು ಒಂದೇ ಗೂಡಿಗೆ ಬಂದವು. ಜಯರಾಂ ಸಾರ್ ರೈಫಲನ್ನು ಸುಮಾಳ ಕೈಗೆ ಕೊಟ್ಟರು. ಕಿರಣ್ ದೊಡ್ಡದಾಗಿ ನಿಟ್ಟುಸಿರು ಬಿಟ್ಟು, "ನನ್ನ ಮದ್ವೆ ಮುರಿದುಬಿತ್ತು ಗುರು," ಎಂದ, ಯಾರಿಗೆ ಎಂದಿಲ್ಲದೆ.

ವಾಪಸು ಬರುವಾಗ ಸುಮಾ ಒಂದೇ ಮಾತು ಹೇಳಿದಳು. "ಅತ್ತೆಗೆ ಹೇಳ್ಬೇಡಿ." ನಡೆದದ್ದನ್ನು ನಡೆದ ಹಾಗೆ ಹೇಳುವುದು ನನ್ನ ಕೆಲಸ, ಆದರೆ ಅದು ಕಚೇರಿಯ ಕೆಲಸ. ನಾನು ಹೇಳಲಿಲ್ಲ. ಆ ಸಂಜೆ ಬಾಲ್‌ಪೆನ್ ಮತ್ತೆ ಟಿಕ್ ಎಂದಾಗ ಅವ್ವ ಸೂಜಿಗೆ ದಾರ ಪೋಣಿಸುತ್ತ, "ಬಂತು ನೋಡು ಹಲ್ಲಿ," ಎಂದಳು. ಅವಳ ಮುಖದಲ್ಲಿ ಹಬ್ಬದ ಕಳೆಯಿತ್ತು.

ಆಯ್ಕೆ ನಡೆದದ್ದು ಕಾರ್ತಿಕದ ಕೊನೆಯಲ್ಲಿ. ಮಳೆ ಹೋಗಿ ಬೆಳಗಿನ ಚಳಿ ಬಂದಿತ್ತು. ನಾನೂ ಬರುತ್ತೇನೆಂದು ಅವ್ವ ತಾನಾಗಿಯೇ ಹೊರಟಳು. ಮೂವರೂ ಆಟೋದಲ್ಲಿ ಹೋದೆವು. ಅವಳ ಎಡಗೈ ಮುಷ್ಟಿ ಕಟ್ಟಿದ್ದು ನನ್ನ ಗಮನಕ್ಕೆ ಬಂದಿತ್ತು, ಚಳಿಗೆ ಎಂದುಕೊಂಡೆ.

ಸುಮಾ ಚಾಪೆಯ ಮೇಲೆ ಮಲಗಿ ಹೊಡೆಯಲು ಶುರು ಮಾಡಿದ್ದಳು. ಅವ್ವ ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಒಂದೊಂದು ಏಟಿಗೂ ಕಣ್ಣು ಮುಚ್ಚುತ್ತಿದ್ದಳು. ತನ್ನ ಸರದಿ ಮುಗಿಸಿ ಬಂದ ಕಿರಣ್ ಅವಳ ಹಿಂದೆ ಬಗ್ಗಿ ಕಿವಿಯ ಹತ್ತಿರ, "ಅಜ್ಜೀ, ಈ ಸಲ ಏನೂ ಇಟ್ಟಿಲ್ಲ ತಾನೆ?" ಎಂದ.

ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ತಡವಾಗಿತ್ತು.

"ಏನಿಡೂದು?"

"ಅದೇ ಅಜ್ಜಿ, ವಿಭೂತಿ ಗಂಟು. ಎರಡು ವಾರ ನಮ್ಮನ್ನೆಲ್ಲ ಕುಣಿಸ್ತಲ್ಲ ಅದು! ನಳಿಕೆ ಕೆಳಗೆ ಕೂತ್ಕೊಂಡು ಗುಂಡನ್ನೆಲ್ಲ ಆಕಾಶಕ್ಕೆ ಕಳಿಸ್ತಾ ಇತ್ತು. ಅಕ್ಕ ಪಾಪ ತನ್ನ ಕೈಯೇ ಕೆಟ್ಟೋಯ್ತು ಅಂತ..." ಅಲ್ಲಿಗೆ ಅವನಿಗೆ ನನ್ನ ಮುಖ ಕಂಡಿತು. "ಹೇಳಿರ್ಲಿಲ್ವಾ ಸಾರ್?" ಎಂದು ಪಿಸುಗುಟ್ಟಿ ಹಿಂದೆ ಸರಿದ.

ಅವ್ವ ಸುಮಾಳ ಬೆನ್ನನ್ನು ನೋಡುತ್ತಿದ್ದಳು. "ಖರೇನ ಈರಣ್ಣ?" ಎಂದು ನನ್ನನ್ನು ಕೇಳಿದಳು.

"ಹೌದವ್ವ."

"ತುರುಬಿನ ಪಿನ್ನಿಲೆ ಒಳಗ ನೂಕಿದ್ದೆ. ಕಾಣಬಾರದು ಅಂತ. ಒಂದs ಸಾಲಲಿಲ್ಲ ಅನಸಿ ಇವತ್ತ ಇನ್ನೊಂದ ತಂದೀನಿ." ಮುಷ್ಟಿ ಬಿಚ್ಚಿದಳು. ಹಸಿರು ಬಟ್ಟೆಯ ಇನ್ನೊಂದು ಗಂಟು, ಮೊದಲಿನದಕ್ಕಿಂತ ದೊಡ್ಡದು. ನೋಡಿ ಮತ್ತೆ ಮುಚ್ಚಿಕೊಂಡಳು. ಅಲ್ಲಿಂದ ಮುಂದೆ ಏಟು ಬಿದ್ದಾಗ ಅವಳು ಕಣ್ಣು ಮುಚ್ಚಲಿಲ್ಲ.

ಸುಮಾ ಚೆನ್ನಾಗಿ ಹೊಡೆದಳು. ಆದರೆ ಕೊನೆಯ ಹಾಳೆಯನ್ನು ಎಣಿಸಿದಾಗ, ತಂಡಕ್ಕೆ ಬೇಕಿದ್ದ ಅಂಕಕ್ಕೆ ಎರಡು ಕಡಿಮೆ ಬಂತು. ಕಿರಣ್ ಹುಡುಗರ ತಂಡಕ್ಕೆ ಆಯ್ಕೆಯಾದ. ಯಾರೂ ಅವನ ಬೆನ್ನು ತಟ್ಟಲಿಲ್ಲ, ಅವನೂ ಅದನ್ನು ಬಯಸಿದಂತೆ ಕಾಣಲಿಲ್ಲ. ಜಯರಾಂ ಸಾರ್ ಹಾಳೆಯನ್ನು ಬೆಳಕಿಗೆ ಹಿಡಿದು, "ಆ ಎರಡು ವಾರ ಅಭ್ಯಾಸ ಸಿಕ್ಕಿದ್ದಿದ್ರೆ..." ಎಂದು ಶುರು ಮಾಡಿ, ಬೆಂಚಿನ ಕಡೆ ನೋಡಿ ನಿಲ್ಲಿಸಿದರು.

ಸುಮಾ ಬೋಲ್ಟ್ ತೆಗೆದು ರೈಫಲನ್ನು ಮೇಜಿನ ಮೇಲಿಟ್ಟಳು. ಅದರ ಮೈಯನ್ನು ಬಟ್ಟೆಯಿಂದ ಒರೆಸಿದಳು. ಆಮೇಲೆ ನಮ್ಮ ಕಡೆ ಬಂದು, ಶೂಟಿಂಗ್ ಜಾಕೆಟ್ಟಿನ ಗುಂಡಿ ಬಿಚ್ಚುತ್ತ, ಹಗುರವಾಗಿ ಹೇಳಲು ಪ್ರಯತ್ನಿಸಿದಳು. "ಮುಗೀತು ಅತ್ತೆ. ಸೋಮವಾರ ಡಾಕ್ಟರ ಹತ್ರ ಹೋಗೋಣ. ಯಾರು ಅಂತ ನೀವೇ ಹೇಳಿ."

ಅವ್ವ ಎದ್ದಳು. ಅವಳನ್ನು ದಾಟಿಕೊಂಡು ಜಯರಾಂ ಸಾರ್ ಮುಂದೆ ಹೋಗಿ ನಿಂತಳು.

"ಸಾಹೇಬ್ರ, ಮುಂದಿನ ವರ್ಷ ಆ ಬಂದೂಕ ಯಾರಿಗಿ ಕೊಡ್ತೀರಿ?"

"ಅಮ್ಮಾ, ಅದು ಇನ್ನೂ..."

"ನಮ್ಮ ಹುಡಿಗೀಗಿ ಇಡ್ರಿ."

"ಅವರು ಬಿಡ್ತೀನಿ ಅಂತ ಹೇಳಿದ್ರಲ್ಲಮ್ಮ. ಮನೇಲಿ ಮಾತು ಕೊಟ್ಟಿದಾರಂತೆ."

"ಯಾರಿಗಿ ಕೊಟ್ಟಾಳ? ನನಗs ಕೊಟ್ಟಾಳ. ತಗೊಂಡಾಕಿ ನಾನು. ಈಗ ವಾಪಸ್ ಕೊಡಾಕತ್ತೀನಿ."

ಗಂಟಿನ ವಿಷಯ ಅವ್ವನಿಗೆ ಗೊತ್ತಾಗಿದೆ ಎಂಬುದು ಸುಮಾಳಿಗೂ ಹೊಳೆಯಿತು. ಸುಮಾ ಜಾಕೆಟ್ಟಿನ ಒಂದು ತೋಳು ಮಾತ್ರ ಬಿಚ್ಚಿಕೊಂಡು ನಿಂತಿದ್ದಳು. "ಅತ್ತೆ, ನೀವು ಬೇಕಂತ ಮಾಡಿದ್ದಲ್ಲ ಅದು," ಎಂದಳು.

"ಬೇಕಂತs ಮಾಡೀನಿ. ನೀ ಗೆಲ್ಲಬೇಕಂತ ಮಾಡೀನಿ." ಅವ್ವನ ದನಿ ಸ್ವಲ್ಪ ಒಡೆಯಿತು, ಮತ್ತೆ ಗಟ್ಟಿಯಾಯಿತು. "ಡಾಕ್ಟರಿಗಿ ಹೋಗೂದಿದ್ರ ನೀವಿಬ್ರೂ ನಿಮಗ ಮನಸ್ ಬಂದಾಗ ಹೋಗ್ರಿ. ಅದಕ್ಕೂ ಇದಕ್ಕೂ ಗಂಟ ಹಾಕಿದಾಕಿ ನಾನು. ಅದೂ ತಪ್ಪs."

ಜಯರಾಂ ಸಾರ್ ಕೊರಳಿನ ಸೀಟಿಯನ್ನು ಅತ್ತಿತ್ತ ತಿರುಗಿಸಿದರು. "ಹಾಗಾದ್ರೆ ಸೋಮವಾರ ಬೆಳಿಗ್ಗೆ ಬರ್ತೀಯೇನಮ್ಮ?" ಎಂದು ಸುಮಾಳನ್ನು ಕೇಳಿದರು.

"ಬರ್ತಾಳ," ಎಂದಳು ಅವ್ವ.

ಎಡಗೈಯ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕಾಲು ಸರಿಯಾಗಿ ಬಗ್ಗದ ಅವಳು ಗೋಡೆ ಹಿಡಿದು ಕೆಳಗೆ ಕೂತಳು. ಸುಮಾ ಮಲಗಿ ಹೊಡೆದಿದ್ದ ಚಾಪೆಯ ಕೆಮ್ಮಣ್ಣು ಕೊಡವಿ ಸುತ್ತತೊಡಗಿದಳು. ಚಾಪೆ ಅಗಲ, ಅವಳ ಕೈಗೆ ಸಿಗದೆ ಒಂದು ಕಡೆ ಸೊಟ್ಟಗೆ ಹೋಗುತ್ತಿತ್ತು. ಸುಮಾ ಜಾಕೆಟ್ಟಿನ ಇನ್ನೊಂದು ತೋಳು ಬಿಚ್ಚುವುದನ್ನೂ ಮರೆತು ಬಂದು, ಎದುರಿಗೆ ಕೂತು, ಆ ಕಡೆಯ ಅಂಚನ್ನು ಹಿಡಿದಳು.